ಗೌರಿ ಹುಣ್ಣಿಮೆಯ ಕೋಲು: 1623ರ ಒಂದು ದಾಖಲೆ ಮತ್ತು ಮೇಗುಂದ ಸೀಮೆಯ ಕೋಲಾಟ

ಕೋಲಾಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೃಷ್ಣನ ರಾಸಲೀಲೆಯಿಂದ ಶುರುಮಾಡುತ್ತಾರೆ, ಇಲ್ಲವೇ ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಾದ ಕೋಲುಪದಗಳ ಸಂಗ್ರಹಗಳಿಂದ. ಒಂದು ಪುರಾಣ, ಇನ್ನೊಂದು ತೀರ ಈಚಿನದು. ಇವೆರಡರ ನಡುವೆ, ಮಲೆನಾಡಿನ ನೆಲದಲ್ಲೇ, ಕೋಲಾಟವನ್ನು ಕಣ್ಣಾರೆ ಕಂಡವನೊಬ್ಬ ಬರೆದಿಟ್ಟ ದಾಖಲೆ ಇದೆ. ಬರೆದ ತಾರೀಖೂ ಅದರಲ್ಲಿದೆ. ನಮ್ಮಲ್ಲಿ ಅದನ್ನು ವಿದೇಶಿ ಪ್ರವಾಸಿಯ ಕುತೂಹಲದ ತುಣುಕು ಎಂದು ಎತ್ತಿ ಹೇಳಿ ಮುಂದೆ ಹೋಗುವುದೇ ಹೆಚ್ಚು. ಆ ದಾಖಲೆಯಲ್ಲಿ ಬರುವ ಹಬ್ಬ ಯಾವುದು ಎಂದು ಗುರುತಿಸುವುದು, ಹಾಗೆ ಗುರುತಿಸಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ, ಅದರಲ್ಲೂ ಮೇಗುಂದ ಹೋಬಳಿಯಂಥ ಒಂಟಿಮನೆಗಳ ಸೀಮೆಯ ಕೋಲಾಟವನ್ನು ಹೇಗೆ ನೋಡಬೇಕು ಎಂದು ವಿಚಾರಿಸುವುದು ಈ ಟಿಪ್ಪಣಿಯ ಕೆಲಸ.

ದಾಖಲೆ ಪಿಯೆತ್ರೊ ದೆಲ್ಲಾ ವಾಲ್ಲೆಯದು. ಈತ 1586ರಲ್ಲಿ ಹುಟ್ಟಿದ ರೋಮಿನ ಶ್ರೀಮಂತ. ತುರ್ಕಿ, ಪರ್ಷಿಯಾ ಸುತ್ತಿ ಗೋವೆಗೆ ಬಂದವನು, ಅಲ್ಲಿನ ಪೋರ್ಚುಗೀಸರು ಕೆಳದಿಯ ಅರಸ ವೆಂಕಟಪ್ಪ ನಾಯಕನಲ್ಲಿಗೆ ಕಳಿಸಿದ ರಾಯಭಾರದ ಜೊತೆ ಹೊರಟು, ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿ ಸೇರಿದ. ಇಕ್ಕೇರಿ ಆಗ ಕೆಳದಿ ಅರಸರ ರಾಜಧಾನಿ. ಅಲ್ಲಿಂದ ಅವನು ಬರೆದ ಪತ್ರಕ್ಕೆ 1623ರ ನವೆಂಬರ್ 22ರ ತಾರೀಖಿದೆ. ಈ ಪತ್ರಗಳು 1664ರಲ್ಲೇ ಇಂಗ್ಲಿಷಿಗೆ ಬಂದವು. ಎಡ್ವರ್ಡ್ ಗ್ರೇ ಸಂಪಾದಿಸಿ 1892ರಲ್ಲಿ ಹಕ್ಲೂಯ್ಟ್ ಸೊಸೈಟಿ ಪ್ರಕಟಿಸಿದ ಆವೃತ್ತಿ ಇಂದು ಸುಲಭವಾಗಿ ಸಿಗುತ್ತದೆ.

ಅವನು ಹೇಳುವುದು ಇಷ್ಟು. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರ ತಂಡಗಳು ಸಾಗುತ್ತಿದ್ದವು. ರೇಷ್ಮೆ ಉಟ್ಟು, ಹಳದಿ ಬಿಳಿ ಹೂಗಳನ್ನು ತಲೆತುಂಬ ಮುಡಿದಿದ್ದರು. ಒಬ್ಬೊಬ್ಬಳ ಎರಡೂ ಕೈಯಲ್ಲಿ ಬಣ್ಣ ಬಳಿದ ದುಂಡನೆಯ ಕೋಲು, ಒಂದು ಗೇಣು ಅಥವಾ ಅದಕ್ಕಿಂತ ತುಸು ಉದ್ದ. ವಾದ್ಯಗಳ ತಾಳಕ್ಕೆ ಆ ಕೋಲುಗಳನ್ನು ಬಡಿಯುತ್ತಿದ್ದರು. ತಂಡದಲ್ಲಿ ಜಾಣೆಯಾದ ಒಬ್ಬಳು ಪದ್ಯದ ಒಂದು ನುಡಿ ಹಾಡಿದರೆ ಉಳಿದವರೆಲ್ಲ ಏಳೆಂಟು ಸಲ ಒಂದೇ ಮಾತನ್ನು ಮರುನುಡಿಯುತ್ತಿದ್ದರು. ಆ ಮಾತನ್ನು ಅವನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ: ಕೋಲೆ. ಸಂತೋಷದ ಉದ್ಗಾರವಿರಬೇಕು ಎಂದುಕೊಂಡ. ನಮ್ಮ ಓದುಗರಿಗೆ ಅದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೋಲುಪದದ ಸೊಲ್ಲು ಈಗಲೂ ಅದೇ. ಒಂದೊಂದು ತಂಡದಲ್ಲಿ ಎಂಟೋ ಹತ್ತೋ ಜನ, ಗೆಳತಿಯರು ಇಲ್ಲವೇ ನೆರೆಮನೆಯವರು. ಹಿಂದೆ ಹಬ್ಬದ ಉಡುಗೆಯಿಲ್ಲದ ಬೇರೆ ಹೆಂಗಸರು, ಅವರ ತಾಯಂದಿರು, ಬಳಗದವರು.

ಇಲ್ಲಿಯವರೆಗಿನದು ಅವನು ಕಂಡದ್ದು. ಮುಂದಿನದು ಕೇಳಿದ್ದು. ಹುಡುಗಿಯರು ಎಲ್ಲಿಗೆ ಹೋಗುತ್ತಾರೆಂದು ಹಿಂಬಾಲಿಸಿ ನೋಡುವ ಆಸೆ ಅವನಿಗಿತ್ತು. ಜೊತೆಯಲ್ಲಿದ್ದ ಪೋರ್ಚುಗೀಸರಿಗೆ ಅಂಥ ಆಸಕ್ತಿಯೇ ಇರಲಿಲ್ಲವೆಂದು ಬೇಸರದಿಂದ ಬರೆಯುತ್ತಾನೆ. ದೊಡ್ಡ ದೇವಸ್ಥಾನದ ಮುಂದಣ ಬಯಲಿಗೆ ಹೋಗಿ ರಾತ್ರಿ ಹೊತ್ತಾಗುವವರೆಗೆ ಸುತ್ತುಗಟ್ಟಿ ಹಾಡಿ ಕುಣಿದರೆಂದೂ, ಇದು ಮಹಾದೇವನ ಹೆಂಡತಿ ಗೌರಿಯ ಹಬ್ಬದ ಕೊನೆಯಲ್ಲಿ ಮೂರು ದಿನ ನಡೆಯುವ ಆಚರಣೆಯೆಂದೂ, ಹೆಣ್ಣುದೇವರ ಹಬ್ಬವಾದ್ದರಿಂದ ಹುಡುಗಿಯರೇ ನಡೆಸುವರೆಂದೂ ಆಮೇಲೆ ತಿಳಿದುಕೊಂಡ. ಕಂಡದ್ದನ್ನೂ ಕೇಳಿದ್ದನ್ನೂ ಹೀಗೆ ಬೇರೆ ಬೇರೆಯಾಗಿ ಇಟ್ಟಿರುವುದರಿಂದಲೇ ಈ ದಾಖಲೆಗೆ ಬೆಲೆ ಹೆಚ್ಚು.

ಇನ್ನು ಹಬ್ಬದ ವಿಷಯ. ಗೌರಿ ಎಂದೊಡನೆ ಹಳೆ ಮೈಸೂರಿನ ಓದುಗರಿಗೆ ನೆನಪಾಗುವುದು ಭಾದ್ರಪದ ಶುದ್ಧ ತದಿಗೆಯ ಸ್ವರ್ಣಗೌರಿ. ಆದರೆ ದೆಲ್ಲಾ ವಾಲ್ಲೆ ಇಕ್ಕೇರಿಯಲ್ಲಿದ್ದದ್ದು ನವೆಂಬರಿನಲ್ಲಿ. ಆ ವೇಳೆಗೆ ಭಾದ್ರಪದದ ಗೌರಿ ಕಳೆದು ಎರಡು ತಿಂಗಳ ಮೇಲಾಗಿತ್ತು. ಚಂದ್ರನ ಗತಿಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ 1623ರಲ್ಲಿ ಕಾರ್ತಿಕ ಹುಣ್ಣಿಮೆ ಬೀಳುವುದು ನವೆಂಬರ್ 7ರ ಸುಮಾರಿಗೆ, ಪತ್ರಕ್ಕೆ ಹಾಕಿದ ತಾರೀಖಿಗೆ ಹದಿನೈದು ದಿನ ಮೊದಲು. ಕಾರ್ತಿಕದ ಹುಣ್ಣಿಮೆಯನ್ನು ಉತ್ತರ ಕರ್ನಾಟಕದಲ್ಲಿ ಇಂದಿಗೂ ಗೌರಿ ಹುಣ್ಣಿಮೆ ಎಂದೇ ಕರೆಯುತ್ತಾರೆ. ಹಬ್ಬದ ಹೆಸರು, ಹಬ್ಬ ಮಾಡುವವರ ವಯಸ್ಸು, ತಿಂಗಳು, ಮೂರೂ ಕೂಡಿ ಬರುತ್ತವೆ. ಇಕ್ಕೇರಿಯ ಬೀದಿಯಲ್ಲಿ ಅವನು ಕಂಡದ್ದು ಗೌರಿ ಹುಣ್ಣಿಮೆಯ ಕೋಲು ಎಂಬುದು ನನ್ನ ನಿಲುವು.

ಧಾರವಾಡ, ಗದಗಿನ ಕಡೆಯ ಗೌರಿ ಹುಣ್ಣಿಮೆಯನ್ನು ಬಲ್ಲವರಿಗೆ ಈ ನಿಲುವು ಹೊಸದೆನಿಸದು. ಅಲ್ಲಿ ಮರದ ಅಚ್ಚಿಗೆ ಸಕ್ಕರೆ ಪಾಕ ಎರೆದು ಆನೆ, ತೇರು, ಗಿಳಿಗಳನ್ನು ಮಾಡುತ್ತಾರೆ. ಆ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ ಸೀರೆ, ಲಂಗದ ಹುಡುಗಿಯರು ಗುಂಪುಗುಂಪಾಗಿ ಗೌರಿಯನ್ನು ಕೂರಿಸಿದ ಕಡೆಗೆ ಆರತಿ ಒಯ್ಯುತ್ತಾರೆ, ಗೌರಿಯ ಹಾಡು ಹೇಳುತ್ತಾರೆ, ಕೋಲು ಆಡುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಗೆಳತಿಯರ ತಂಡ, ಹಿಂದೆ ತಾಯಂದಿರು, ಮುಂದೆ ದೇವರ ಬಯಲು ಎಂಬ 1623ರ ಚಿತ್ರದ ಪಕ್ಕದಲ್ಲಿ ಇದನ್ನಿಟ್ಟರೆ ನಾಲ್ಕು ಶತಮಾನಗಳ ಅಂತರ ಬಹುಮಟ್ಟಿಗೆ ಕರಗುತ್ತದೆ.

ಮಲೆನಾಡಿನ ಪಂಚಾಂಗದಲ್ಲಿ ಈ ಹುಣ್ಣಿಮೆಗೆ ಬೇರೊಂದು ನೆರೆಯೂ ಇದೆ. ಒಂದು ತಿಂಗಳು ಹಿಂದಕ್ಕೆ, ಆಶ್ವಯುಜದ ಹುಣ್ಣಿಮೆ ಇಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿ ತೆನೆ ಬಿಡುವ ಹೊತ್ತು. ಬಸುರಿ ಹೆಣ್ಣಿಗೆ ಬಯಕೆ ಹಾಕುವಂತೆ ಗದ್ದೆಗೆ ಬಗೆಬಗೆಯ ಸೊಪ್ಪು, ತರಕಾರಿ ಬೇಯಿಸಿ ಬೆಳಗಿನ ಜಾವ ಚರಗ ಚೆಲ್ಲುತ್ತಾರೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಇದಕ್ಕೆಂದೇ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಸಿದ್ಧಮಾಡುತ್ತಾರೆ. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿ, ಮತ್ತೆ ಹದಿನೈದು ದಿನಕ್ಕೆ ಕಾರ್ತಿಕ ಹುಣ್ಣಿಮೆ, ಅದರ ಬೆನ್ನಿಗೇ ಕೊಯ್ಲು. ಹೀಗೆ ಇಕ್ಕೇರಿಯ ಕೋಲು ಬೀಳುವುದು ತೆನೆ ಬಲಿತು ಕತ್ತಿ ಇನ್ನೂ ಹಾಕದ ಬಿಡುವಿನಲ್ಲಿ. ಮಳೆ ನಿಂತಿದೆ, ಅಂಗಳ ಒಣಗಿದೆ, ಗದ್ದೆಯಲ್ಲಿ ಕೆಲಸ ಇನ್ನೂ ಶುರುವಾಗಿಲ್ಲ. ಹಬ್ಬದ ಹಿಂದಿನ ಭಾವ ಏನೇ ಇರಲಿ, ಮಲೆನಾಡಿನಲ್ಲಿ ಬಯಲಿನಲ್ಲಿ ನಿಂತು ಕುಣಿಯಲು ಮಳೆಗಾಲ ಕಳೆದ ಮೇಲೆ ಮೊದಲು ಒದಗುವ ಸಮಯ ಇದು.

ಇಕ್ಕೇರಿಗೂ ಮೇಗುಂದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಕೊಪ್ಪ, ಶೃಂಗೇರಿಯ ಸೀಮೆ ಕೆಳದಿ ಅರಸರ ಆಳ್ವಿಕೆಗೆ ಸೇರಿತ್ತು. ಶೃಂಗೇರಿ ಮಠಕ್ಕೆ ದತ್ತಿ ಬಿಟ್ಟ ಅರಸರಲ್ಲಿ ಇದೇ ವೆಂಕಟಪ್ಪ ನಾಯಕನೂ ಒಬ್ಬ. ಆದರೆ ರಾಜ್ಯ ಒಂದೇ ಆದ ಮಾತ್ರಕ್ಕೆ ಆಟವೂ ಒಂದೇ ರೂಪದಲ್ಲಿತ್ತು ಎನ್ನಲಾಗದು. ನೆಲದ ರೀತಿಯೇ ಬೇರೆ. ಇಕ್ಕೇರಿ ಬೀದಿಗಳಿದ್ದ ಪಟ್ಟಣ. ಜಯಪುರ, ಬಸರೀಕಟ್ಟೆಯ ಸುತ್ತಿನ ಮೇಗುಂದದಲ್ಲಿ ಊರೆಂದರೆ ಬೀದಿಯಲ್ಲ. ಒಂದು ಕಣಿವೆಗೆ ಒಂದು ಗದ್ದೆಬಯಲು, ಅಂಚಿನಲ್ಲಿ ಅಡಿಕೆ ತೋಟ, ತೋಟದ ತಲೆಗೆ ಒಂದು ಮನೆ, ಮುಂದಿನ ಮನೆಗೆ ಹಳ್ಳ ದಾಟಿ ಗುಡ್ಡ ಹತ್ತಬೇಕು. ಎಂಟು ಹುಡುಗಿಯರು ಮನೆಯಿಂದ ಹೊರಬಿದ್ದೊಡನೆ ಸೇರಿ ಸಾಲುಗಟ್ಟಿ ಸಾಗಲು ಇಲ್ಲಿ ದಾರಿಯೇ ಇಲ್ಲ.

ಈ ಸೀಮೆಯಲ್ಲಿ ಕಾರ್ತಿಕದ ರಾತ್ರಿಗಳನ್ನು ತುಂಬುವ ಕಲೆ ಅಂಟಿಗೆ ಪಂಟಿಗೆಯಾದದ್ದು ಆಕಸ್ಮಿಕವಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ತಂಡ ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು ಮನೆಯಿಂದ ಮನೆಗೆ ನಡೆಯುತ್ತದೆ. ದೀಪ ಆರಬಾರದು. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯುವಂತೆ ಪದ ಹಾಡುತ್ತಾರೆ, ಮನೆಯವರು ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತಾರೆ, ತಂಡ ಮುಂದಿನ ಮನೆಗೆ ಹೊರಡುತ್ತದೆ. ಇಲ್ಲೂ ಒಂದು ಜೋಡಿ ನುಡಿ ಎತ್ತಿದರೆ ಇನ್ನೊಂದು ಜೋಡಿ ಹಿಂದೆಯೇ ಅದನ್ನು ಹಿಡಿದು ಹಾಡುತ್ತದೆ. ಒಬ್ಬರಿಂದೊಬ್ಬರಿಗೆ ದೂರವಿರುವ ಮನೆಗಳನ್ನು ಒಂದು ರಾತ್ರಿಯಲ್ಲಿ ದೀಪದ ದಾರದಿಂದ ಹೊಲಿಯುವ ಕಲೆ ಇದು. ಒಂಟಿಮನೆಗಳ ನಾಡಿಗೆ ಹೇಳಿ ಮಾಡಿಸಿದ್ದು. ಕೋಲಾಟಕ್ಕೆ ಇದಕ್ಕೆ ತದ್ವಿರುದ್ಧವಾದದ್ದು ಬೇಕು. ಎಲ್ಲರೂ ಒಂದೆಡೆ ಕೂಡಬೇಕು, ಸರಿಸಂಖ್ಯೆಯಲ್ಲಿ ಕೂಡಬೇಕು, ಕಾಲಿಗೆ ಎಡವದ ಸಮತಟ್ಟು ನೆಲ ಬೇಕು. ಮೇಗುಂದದಂಥ ಕಡೆ ಅಂಥ ನೆಲವೆಂದರೆ ದೊಡ್ಡ ಮನೆಯ ಅಂಗಳ, ಕಣ, ದೇವಸ್ಥಾನದ ಮುಂದಣ ಜಾಗ, ಈಚೆಗೆ ಶಾಲೆಯ ಮೈದಾನ. ಕೋಲಾಟ ನಡೆಯಿತೆಂದರೆ ಅದರರ್ಥ ಸುತ್ತಲ ಹಲವು ಮನೆಗಳವರು ಗುಡ್ಡ ಇಳಿದು ಒಂದು ಅಂಗಳಕ್ಕೆ ಬಂದರು ಎಂದೇ. ಇಕ್ಕೇರಿಯಲ್ಲಿ ನೆರೆಹೊರೆ ಮೊದಲೇ ಇತ್ತು, ಕೋಲು ಅದನ್ನು ಬೀದಿಗೆ ತಂದು ತೋರಿಸಿತು. ಇಲ್ಲಿ ನೆರೆಹೊರೆ ಕೂಡಿಬರುವುದಕ್ಕೇ ಕೋಲಿನಂಥ ನೆಪ ಬೇಕು. ಬಯಲುಸೀಮೆಯ ಕೋಲಾಟಕ್ಕೆ ಬರೆದ ವ್ಯಾಖ್ಯಾನವನ್ನು ಹಾಗೆಯೇ ಮಲೆನಾಡಿಗೆ ಅಂಟಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕೆಂಬುದು ನನ್ನ ಆಗ್ರಹ.

ಆಟದ ಕಟ್ಟನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೋಲಾಟದ ಒಂದೊಂದು ವಿನ್ಯಾಸಕ್ಕೆ ಕೋಪು ಎನ್ನುತ್ತಾರೆ. ಗಣಪತಿ, ಶಾರದೆಯರ ಸ್ತುತಿಯೊಡನೆ ನಿಧಾನವಾಗಿ ಶುರುವಾಗಿ, ಹೆಜ್ಜೆ ಕೂಡಿದ ಮೇಲೆ ಕೋಪಿನಿಂದ ಕೋಪಿಗೆ ಲಯ ಏರುತ್ತದೆ. ಸರಳವಾದ ಒಂದು ಸುತ್ತುಕೋಪನ್ನು ತೆಗೆದುಕೊಳ್ಳಿ. ಎಂಟು ಜನ, ಒಳಸುತ್ತಿನಲ್ಲಿ ನಾಲ್ವರು, ಹೊರಸುತ್ತಿನಲ್ಲಿ ನಾಲ್ವರು, ಎದುರುಬದುರು. ಮೊದಲು ತನ್ನೆರಡು ಕೋಲನ್ನು ತಾನೇ ತಟ್ಟುವುದು, ಆಮೇಲೆ ಬಲಗೋಲು ಎದುರಿನವರ ಬಲಗೋಲಿಗೆ, ಎಡಗೋಲು ಎಡಗೋಲಿಗೆ, ಮತ್ತೆ ತನ್ನದಕ್ಕೆ ತಾನು. ಸೊಲ್ಲು ಮುಗಿಯುವಷ್ಟರಲ್ಲಿ ಒಳಗಿನವರು ಒಂದು ದಿಕ್ಕಿಗೆ, ಹೊರಗಿನವರು ಇನ್ನೊಂದು ದಿಕ್ಕಿಗೆ ಸರಿದು ಹೊಸಬರ ಎದುರು ನಿಲ್ಲುತ್ತಾರೆ. ನಾಲ್ಕು ನುಡಿಯಾಗುವಷ್ಟರಲ್ಲಿ ಒಳಗಿನ ಪ್ರತಿಯೊಬ್ಬರೂ ಹೊರಗಿನ ಎಲ್ಲರ ಕೋಲಿಗೂ ಕೋಲು ಕೊಟ್ಟಿರುತ್ತಾರೆ. ಇಂಥವರ ಜೊತೆ ಮಾತ್ರ ಆಡುತ್ತೇನೆ ಎನ್ನಲು ಈ ಆಟದಲ್ಲಿ ಎಡೆಯೇ ಇಲ್ಲ. ಒಬ್ಬರು ತಪ್ಪಿಸಿಕೊಂಡರೆ ಎದುರಿನವರ ಕೋಲು ಗಾಳಿಗೆ ಬೀಸುತ್ತದೆ, ಸುತ್ತೇ ನಿಲ್ಲುತ್ತದೆ.

ಕೋಲು ಹಿಡಿಯುವುದರಲ್ಲೂ ಒಂದು ಹದವಿದೆ. ತುದಿಯಿಂದ ನಾಲ್ಕು ಬೆರಳು ಬಿಟ್ಟು ಸಡಿಲವಾಗಿ ಹಿಡಿಯಬೇಕು. ಮುಷ್ಟಿ ಬಿಗಿದರೆ ಕೋಲು ಮೊಳಗದೆ ಮಂದವಾಗುತ್ತದೆ. ಒಣಗಿದ ಗಟ್ಟಿ ಮರವಾದರೆ ಟಣ್ಣೆನ್ನುತ್ತದೆ, ಹಸಿಕೋಲಿಗೆ ದನಿಯೇ ಇಲ್ಲ. ಎದುರಿನವರ ಕೋಲು ಎಷ್ಟು ರಭಸದಲ್ಲಿ ಬರುತ್ತದೋ ಅಷ್ಟೇ ರಭಸದಲ್ಲಿ ಕೊಡಬೇಕು. ಹೆಚ್ಚಾದರೆ ಅವರ ಬೆರಳಿಗೆ ಏಟು, ಕಡಿಮೆಯಾದರೆ ತಾಳ ಬೀಳುತ್ತದೆ. ಜಡೆ ಕೋಲಾಟದಲ್ಲಿ ಈ ಪರಸ್ಪರ ಎಚ್ಚರ ಕಣ್ಣಿಗೇ ಕಾಣುತ್ತದೆ. ನಡುಗಂಬದ ತುದಿಯಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು, ಅರ್ಧ ಜನ ಒಂದು ಕಡೆಯಿಂದ, ಉಳಿದರ್ಧ ಎದುರು ಕಡೆಯಿಂದ, ಒಬ್ಬರ ಒಳಗೆ ಇನ್ನೊಬ್ಬರ ಹೊರಗೆ ಹಾಯುತ್ತ ಜಡೆ ಹೆಣೆಯುತ್ತಾರೆ. ಬಿಚ್ಚುವಾಗ ಅದೇ ದಾರಿಯನ್ನು ಹಿಂದುಮುಂದಾಗಿ ನಡೆಯಬೇಕು. ಒಬ್ಬರು ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದರೆ ಜಡೆ ಅಲ್ಲೇ ಗಂಟಾಗುತ್ತದೆ, ಗಂಟಾದದ್ದು ಎಲ್ಲರಿಗೂ ತಿಳಿಯುತ್ತದೆ.

ಈ ಕಟ್ಟನ್ನು ಮುಂದಿಟ್ಟುಕೊಂಡರೆ, ಕೋಲು ಎಂದರೆ ಕತ್ತಿ, ಕೋಲಾಟವೆಂದರೆ ಅಣಕುಯುದ್ಧ ಎಂಬ ಜನಪ್ರಿಯ ವಿವರಣೆಯನ್ನು ಒಪ್ಪುವುದು ನನಗೆ ಕಷ್ಟ. ನೆರೆಯ ಕೊಡಗಿನ ಪುತ್ತರಿ ಇದಕ್ಕೆ ಒಳ್ಳೆಯ ಸಾಕ್ಷಿ. ನವೆಂಬರ್ ಕೊನೆ, ಡಿಸೆಂಬರ್ ಮೊದಲ ಭಾಗದಲ್ಲಿ ಬರುವ ಈ ಕದಿರು ತೆಗೆಯುವ ಹಬ್ಬದಲ್ಲಿ, ಊರಿನ ಬಯಲಾದ ಮಂದ್‌ನಲ್ಲಿ ಗಂಡಸರು ಕೋಲಾಟ ಆಡುತ್ತಾರೆ. ಪುತ್ತರಿಯ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲೇ ಸಂಗ್ರಹಿಸಿ ಕೊಟ್ಟಿದ್ದಾರೆ. ಕೊಡವರಲ್ಲಿ ಕಾದಾಟದ ಆಟವೂ ಇದೆ, ಅದರ ಹೆಸರು ಪರೆಯ ಕಳಿ: ಗುರಾಣಿ, ಬೆತ್ತಗಳ ಕಾದಾಟ, ಏಟು ಮೊಣಕಾಲಿನ ಕೆಳಗೆ ಮಾತ್ರ. ಹೊಡೆತವನ್ನೇ ಆಟವಾಗಿಸಬೇಕೆಂದಾಗ ಜನ ಅದಕ್ಕೆ ತಕ್ಕ ಸಲಕರಣೆ, ತಕ್ಕ ನಿಯಮವಿರುವ ಬೇರೆ ಆಟವನ್ನೇ ಕಟ್ಟಿಕೊಂಡಿದ್ದಾರೆ. ಯೋಧರ ಸಮುದಾಯವೆಂದು ಹೆಸರಾದವರೇ ಎರಡನ್ನೂ ಬೆರೆಸದೆ ಇಟ್ಟುಕೊಂಡಿರುವಾಗ, ಗೌರಿಯ ಮುಂದೆ ಹೂ ಮುಡಿದು ಕುಣಿದ ಇಕ್ಕೇರಿಯ ಹುಡುಗಿಯರ ಕೈಗೆ ನಾವು ಕತ್ತಿ ಕೊಡಬೇಕಾಗಿಲ್ಲ.

ಗುಜರಾತಿನ ದಾಂಡಿಯಾದಿಂದ ನಮ್ಮ ಕೋಲಾಟ ಬಂತು ಎಂಬ ಮಾತೂ ಈಚೆಗೆ ಕೇಳಿಬರುತ್ತದೆ. ನವರಾತ್ರಿಯಲ್ಲಿ ಬೆಂಗಳೂರಿನ ಮೈದಾನಗಳು ದಾಂಡಿಯಾದಿಂದ ತುಂಬುವುದನ್ನು ಕಂಡವರಿಗೆ ಹಾಗೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಕೋಲು ಹಿಡಿದ ಕುಣಿತಕ್ಕೆ ದಕ್ಷಿಣದಲ್ಲಿ ಸಾಕಷ್ಟು ಹಳೆಯ ಬೇರಿದೆ. ಹದಿಮೂರನೆಯ ಶತಮಾನದ ನಡುವೆ ಕಾಕತೀಯರ ಓರಂಗಲ್ಲಿನಲ್ಲಿ ಜಾಯಸೇನಾಪತಿ ಬರೆದ ‘ನೃತ್ತರತ್ನಾವಳಿ’ ದೇಶೀ ನೃತ್ತಗಳ ನಡುವೆ ದಂಡರಾಸಕವನ್ನು ವಿವರಿಸುತ್ತದೆ. ಹಂಪಿಯ ಹಜಾರ ರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲೂ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲೂ ಕೋಲು ತಟ್ಟಿ ಕುಣಿವವರ ಸಾಲುಗಳಿವೆ. ಕೆಳದಿಯ ಅರಸರು ವಿಜಯನಗರದ ಮಾಂಡಲಿಕರಾಗಿ ಬೆಳೆದವರು. ಹಬ್ಬದ ದಿನ ಕೋಲಿನ ತಂಡಗಳು ದೇವಾಲಯದ ಬಯಲಿಗೆ ಬರುವ ರೂಢಿ ಅವರ ಪಟ್ಟಣದಲ್ಲಿ ಕಂಡರೆ ಅದು ಹೊರಗಿನಿಂದ ಬಂದ ಅತಿಥಿಯಾಗಿರಬೇಕಿಲ್ಲ.

ಗಂಡು-ಹೆಣ್ಣಿನ ವಿಷಯದಲ್ಲಿ 1623ರ ದಾಖಲೆ ನಮ್ಮ ಇಂದಿನ ಗ್ರಹಿಕೆಯನ್ನು ತಿದ್ದುತ್ತದೆ. ಮಂಡ್ಯ, ತುಮಕೂರಿನ ಕಡೆಯ ಹೆಸರಾಂತ ಕೋಲಾಟದ ತಂಡಗಳು ಬಹುಪಾಲು ಗಂಡಸರವು, ಕೊಡಗಿನಲ್ಲೂ ಗಂಡಸರೇ. ಅದರಿಂದ ಕೋಲಾಟ ಮೂಲತಃ ಗಂಡುಕಲೆ, ಹೆಂಗಸರು ಈಚೆಗೆ ಸೇರಿಕೊಂಡರು ಎಂದು ಬರೆಯುವುದುಂಟು. ಮಲೆನಾಡಿನ ಮಟ್ಟಿಗೆ ಕೈಗೆ ಸಿಕ್ಕುವ ಈ ಹಳೆಯ ಪ್ರತ್ಯಕ್ಷ ಸಾಕ್ಷ್ಯದಲ್ಲಿ ಆಡುವವರೂ ಹೆಣ್ಣುಮಕ್ಕಳೇ, ಪದ ಎತ್ತುವವಳೂ ಹೆಣ್ಣೇ. ಕೊಪ್ಪ, ಶೃಂಗೇರಿಯ ಕಡೆ ಮಹಿಳಾ ಮಂಡಳಿಗಳು, ಶಾಲೆಯ ಹುಡುಗಿಯರು ಕೋಲು ಹಿಡಿದಾಗ ಅವರು ಗಂಡಸರ ಕಲೆಯನ್ನು ಎರವಲು ತಂದುಕೊಂಡಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಈ ಮಾತು ಅವರ ಕಿವಿಗೆ ಬೀಳಬೇಕೆಂಬುದು ನನ್ನ ದೊಡ್ಡ ಆಸೆ.

ಇಂದಿನ ವೇದಿಕೆಯ ಕೋಲಾಟದಲ್ಲಿ ಕೋಲು ಉಳಿದಿದೆ, ಕೋಪುಗಳೂ ಉಳಿದಿವೆ. ಚನ್ನಪಟ್ಟಣದಲ್ಲಿ ಕಡೆದ ಅರಗುಬಣ್ಣದ ಕೋಲು ದೆಲ್ಲಾ ವಾಲ್ಲೆ ಕಂಡ ಬಣ್ಣದ ದುಂಡುಕೋಲಿಗೆ ದೂರದ್ದಲ್ಲ. ಕಳಚುತ್ತಿರುವುದು ಸೊಲ್ಲು. ಮೊದಲೇ ಮುದ್ರಿಸಿದ ಹಾಡನ್ನು ಧ್ವನಿವರ್ಧಕದಲ್ಲಿ ಹಾಕಿ ಕುಣಿಯುವಾಗ ಒಬ್ಬಳು ಎತ್ತುವುದೂ ಇಲ್ಲ, ಉಳಿದವರು ಏಳೆಂಟು ಸಲ ಮರುನುಡಿಯುವುದೂ ಇಲ್ಲ. ಹಾಡಿನ ವೇಗ ಯಂತ್ರದ್ದಾದ ಮೇಲೆ, ಹೊಸಬರು ಹೆಜ್ಜೆ ಹಿಡಿಯುವವರೆಗೆ ಸೊಲ್ಲನ್ನು ಇನ್ನೆರಡು ಸಲ ಎಳೆದು ಕಾಯುವ ಸೌಕರ್ಯವೂ ಹೋಗುತ್ತದೆ. ಆಟ ಕಲಿಯದವರನ್ನು ಸುತ್ತಿನೊಳಕ್ಕೆ ಕರೆದುಕೊಳ್ಳಲು ಇದ್ದ ಬಾಗಿಲೇ ಅದು. ಈ ನಷ್ಟ ನನಗೆ ಉಡುಗೆ ತೊಡುಗೆಯ ಬದಲಾವಣೆಗಿಂತ ಬಹಳ ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ಮೇಗುಂದ, ಶೃಂಗೇರಿ, ನರಸಿಂಹರಾಜಪುರದ ಕಡೆ ಕೋಲಾಟವನ್ನು ದಾಖಲಿಸಲು ಹೊರಡುವ ವಿದ್ಯಾರ್ಥಿಗಳು ಕುಣಿತದ ವಿಡಿಯೋ ತೆಗೆದು ನಿಲ್ಲಿಸದೆ ಮೂರು ಸಂಗತಿ ಬರೆದುಕೊಳ್ಳಬೇಕು. ಹಿರಿಯ ಹೆಂಗಸರು ತಮ್ಮ ಬಾಲ್ಯದಲ್ಲಿ ಕೋಲು ಆಡಿದ್ದು ಯಾವ ತಿಥಿಯಲ್ಲಿ: ತಾರೀಖು ಬೇಡ, ತಿಥಿಯನ್ನೇ ಕೇಳಬೇಕು. ಯಾರ ಅಂಗಳದಲ್ಲಿ, ಎಷ್ಟು ಮನೆಗಳವರು, ಯಾವ ದಾರಿಯಲ್ಲಿ ನಡೆದು ಬಂದು ಸೇರುತ್ತಿದ್ದರು. ಪದ ಎತ್ತುತ್ತಿದ್ದವರು ಯಾರು, ಅವರು ಅದನ್ನು ತವರಿನಿಂದ ತಂದದ್ದೋ ಕೊಟ್ಟ ಮನೆಯಲ್ಲಿ ಕಲಿತದ್ದೋ. ಮೊದಲನೆಯ ಪ್ರಶ್ನೆಗೆ ನಾಲ್ಕಾರು ಮನೆಗಳಲ್ಲಾದರೂ ಕಾರ್ತಿಕದ ಹುಣ್ಣಿಮೆ ಎಂಬ ಉತ್ತರ ಸಿಕ್ಕರೆ, ಇಕ್ಕೇರಿಯ ಬೀದಿಯಿಂದ ಈ ಕಣಿವೆಗಳವರೆಗಿನ ದಾರಿಯನ್ನು ಊರು ಊರಾಗಿ ಗುರುತಿಸತೊಡಗಬಹುದು.